ಟೆರೇಸಿಗೊಂದು ಟೆಲಿಸ್ಕೋಪ್: ಕೊಳ್ಳುವುದರಿಂದ ಹಿಡಿದು ಆಕಾಶದ ಫೋಟೋವರೆಗೆ

ಕರ್ನಾಟಕದಲ್ಲಿ ಆಕಾಶ ನೋಡುವವರ ವರ್ಷ ಅಕ್ಟೋಬರ್ ಕೊನೆಗೆ ಶುರುವಾಗಿ ಮೇ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ಮಳೆ, ಮೋಡ, ತೇವ. ಟೆಲಿಸ್ಕೋಪ್ ಬಗ್ಗೆ ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಅಮೆರಿಕ, ಯುರೋಪಿನ ಆಕಾಶಕ್ಕೆ ಬರೆದವು. ಅಲ್ಲಿ ಧ್ರುವ ನಕ್ಷತ್ರ ಆಕಾಶದ ಅರ್ಧ ಎತ್ತರದಲ್ಲಿರುತ್ತದೆ. ಬೆಂಗಳೂರಿನಲ್ಲಿ ಅದು ದಿಗಂತದಿಂದ ಬರೀ 13 ಡಿಗ್ರಿ ಮೇಲಿದೆ. ಪಕ್ಕದ ಮನೆಯ ನೀರಿನ ಟ್ಯಾಂಕು ಸಾಕು ಅದನ್ನು ಮುಚ್ಚೋಕೆ. ಆದರೆ ದಕ್ಷಿಣದಲ್ಲಿ ನಮಗೆ ಚೆನ್ನಾಗಿ ಕಾಣುವ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ಲಂಡನ್ನಿನವರಿಗೆ ಯಾವತ್ತೂ ಕಾಣುವುದಿಲ್ಲ. ಹಾಗಾಗಿ ಉಪಕರಣ ಆರಿಸುವಾಗ ನಮ್ಮ ಊರು, ನಮ್ಮ ಟೆರೇಸು, ನಮ್ಮ ಹವೆ ಮೊದಲು ಲೆಕ್ಕಕ್ಕೆ ಬರಬೇಕು.

ದುಡ್ಡು ಹಾಕುವ ಮೊದಲು

ಹತ್ತು ಸಾವಿರ ರೂಪಾಯಿಯ ಒಳಗೆ ಮುಗಿಸಬೇಕು ಅಂತಿದ್ದರೆ ಟೆಲಿಸ್ಕೋಪ್ ಬೇಡ, 10×50 ಬೈನಾಕ್ಯುಲರ್ ತಗೊಳ್ಳಿ. 10 ಅಂದರೆ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ, 50 ಅಂದರೆ ಮುಂದಿನ ಲೆನ್ಸ್ 50 ಮಿ.ಮೀ. ಅಗಲ. ಇದರಲ್ಲಿ ಕೃತ್ತಿಕೆಯ ಗುಂಪು ಆ ಬೆಲೆಯ ಯಾವ ಟೆಲಿಸ್ಕೋಪಿಗಿಂತಲೂ ಚೆಂದ ಕಾಣುತ್ತದೆ. ಚಂದ್ರನ ಕುಳಿಗಳು ಕಾಣುತ್ತವೆ. ಗೋಡೆಗೆ ಮೊಣಕೈ ಊರಿ ಅಲುಗಾಡದೆ ಹಿಡಿದರೆ ಗುರುವಿನ ಅಕ್ಕಪಕ್ಕ ಸಣ್ಣ ಚುಕ್ಕಿಗಳು ಕಾಣುತ್ತವೆ. 1610ರ ಜನವರಿಯಲ್ಲಿ ಗೆಲಿಲಿಯೋ ನೋಡಿದ್ದು ಇದೇ ನಾಲ್ಕು ಚಂದ್ರರನ್ನು. ಮುಂದೆ ದೊಡ್ಡ ಟೆಲಿಸ್ಕೋಪ್ ಬಂದ ಮೇಲೂ ಬೈನಾಕ್ಯುಲರ್ ಮೂಲೆ ಸೇರುವುದಿಲ್ಲ, ದಿನಾ ಬೇಕಾಗುತ್ತದೆ.

ಜೊತೆಗೆ ಫೋನಿಗೆ ಅಥವಾ ಕಂಪ್ಯೂಟರಿಗೆ ಸ್ಟೆಲ್ಲೇರಿಯಂ ಹಾಕಿಕೊಳ್ಳಿ. ನಿಮ್ಮ ಊರಿನ ಹೆಸರು ಕೊಟ್ಟರೆ ಇವತ್ತು ರಾತ್ರಿ 9ಕ್ಕೆ ಎಲ್ಲಿ ಏನಿದೆ ಅಂತ ತೋರಿಸುತ್ತದೆ. ಮಹಾವ್ಯಾಧ (ಓರಿಯನ್), ರೋಹಿಣಿ, ಸಪ್ತರ್ಷಿ ಮಂಡಲ, ವೃಶ್ಚಿಕ ಇಷ್ಟನ್ನು ಬರಿಗಣ್ಣಿನಲ್ಲಿ ಗುರುತಿಸೋದು ಬಂದ ಮೇಲೆ ಟೆಲಿಸ್ಕೋಪ್ ತಂದರೆ ಮೊದಲ ರಾತ್ರಿಯೇ ಕೆಲಸಕ್ಕೆ ಬರುತ್ತದೆ. ಸಾಧ್ಯವಾದರೆ ತಾರಾಲಯದವರೋ ಹವ್ಯಾಸಿ ಸಂಘದವರೋ ಇಡುವ ಆಕಾಶ ವೀಕ್ಷಣೆಗೆ ಒಂದು ಸಲ ಹೋಗಿಬನ್ನಿ. ಎರಡು ಮೂರು ಬಗೆಯ ಟೆಲಿಸ್ಕೋಪಿನಲ್ಲಿ ಒಂದೇ ಶನಿಯನ್ನು ನೋಡಿದವರಿಗೆ ಆಯ್ಕೆ ತಾನಾಗಿ ಸುಲಭವಾಗುತ್ತದೆ.

ಡಬ್ಬಿಯ ಮೇಲಿನ ಸಂಖ್ಯೆ ಮತ್ತು ನಿಜವಾದ ಲೆಕ್ಕ

ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನೋದು ಟೆಲಿಸ್ಕೋಪಿನ ಗುಣವೇ ಅಲ್ಲ. ಟೆಲಿಸ್ಕೋಪಿನ ಫೋಕಲ್ ಲೆಂತನ್ನು (ಕನ್ನಡಿ ಅಥವಾ ಲೆನ್ಸಿನಿಂದ ಬೆಳಕು ಕೂಡುವ ಜಾಗದವರೆಗಿನ ದೂರ) ಐಪೀಸಿನ, ಅಂದರೆ ಕಣ್ಣಿಡುವ ಲೆನ್ಸಿನ, ಫೋಕಲ್ ಲೆಂತಿನಿಂದ ಭಾಗಿಸಿದರೆ ಬರುವುದೇ ವರ್ಧನೆ. 1200 ಮಿ.ಮೀ. ಟೆಲಿಸ್ಕೋಪಿಗೆ 25 ಮಿ.ಮೀ. ಐಪೀಸ್ ಹಾಕಿದರೆ 48 ಪಟ್ಟು, 10 ಮಿ.ಮೀ. ಹಾಕಿದರೆ 120 ಪಟ್ಟು. ಐಪೀಸ್ ಬದಲಿಸಿದರೆ ಸಂಖ್ಯೆ ಬದಲು, ಅಷ್ಟೇ. ಆದರೆ ಲೆನ್ಸ್ ಅಥವಾ ಕನ್ನಡಿಯ ಅಗಲದ ಪ್ರತಿ ಮಿ.ಮೀ.ಗೆ ಸುಮಾರು 2 ಪಟ್ಟು ದಾಟಿದರೆ ಚಿತ್ರ ಮಸುಕಾಗುತ್ತದೆ, ಹೊಸದೇನೂ ಕಾಣುವುದಿಲ್ಲ. ಅಂದರೆ 60 ಮಿ.ಮೀ. ಲೆನ್ಸಿನ ಮೇಲೆ 525 ಪಟ್ಟು ಅಂತ ಬರೆದಿದ್ದರೆ ಅದರಲ್ಲಿ 120ರ ಆಚೆಗಿನದ್ದೆಲ್ಲ ಸುಮ್ನೆ. ದೊಡ್ಡ ಟೆಲಿಸ್ಕೋಪಿಗೂ ನಮ್ಮ ತಲೆ ಮೇಲಿನ ಗಾಳಿ ಬಹಳಷ್ಟು ರಾತ್ರಿ 200, 250ಕ್ಕಿಂತ ಜಾಸ್ತಿ ಬಿಡುವುದಿಲ್ಲ.

ನೋಡಬೇಕಾದ್ದು ಅಗಲ. ಕತ್ತಲಲ್ಲಿ ಪೂರ್ತಿ ಹಿಗ್ಗಿದ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. 150 ಮಿ.ಮೀ. ಕನ್ನಡಿ ಅದರ 450 ಪಟ್ಟಿಗೂ ಹೆಚ್ಚು ಬೆಳಕು ಹಿಡಿಯುತ್ತದೆ. ಮಸುಕಾದ ನೆಬ್ಯುಲಾ (ಅನಿಲ, ಧೂಳಿನ ಮೋಡ), ಗ್ಯಾಲಕ್ಸಿಗಳು ಕಾಣೋದು ಈ ಬೆಳಕಿನಿಂದಲೇ.

ಇನ್ನೊಂದು ಸುಲಭ ಪರೀಕ್ಷೆ ಹೇಳುತ್ತೇನೆ, ಜಾಹೀರಾತಿನ ಫೋಟೋ ನೋಡಿಯೇ ಮಾಡಬಹುದು. ಐಪೀಸ್ ಟ್ಯೂಬಿನ ಪಕ್ಕಕ್ಕಿರುವ ನ್ಯೂಟನ್ ಮಾದರಿಯ ಕನ್ನಡಿ ಟೆಲಿಸ್ಕೋಪಿನಲ್ಲಿ ಟ್ಯೂಬಿನ ಉದ್ದ ಹೆಚ್ಚುಕಮ್ಮಿ ಫೋಕಲ್ ಲೆಂತಿನಷ್ಟೇ ಇರಬೇಕು. ಟ್ಯೂಬ್ ಅರ್ಧ ಮೀಟರ್ ಇದ್ದು ಫೋಕಲ್ ಲೆಂತ್ 1000 ಮಿ.ಮೀ. ಅಂತ ಬರೆದಿದ್ದರೆ ಫೋಕಸರಿನೊಳಗೆ (ಐಪೀಸ್ ಕೂರುವ, ಹಿಂದೆ ಮುಂದೆ ಸರಿಯುವ ಕೊಳವೆ) ಒಂದು ಲೆನ್ಸ್ ಕೂರಿಸಿದ್ದಾರೆ ಅಂತ ಅರ್ಥ. ಇದನ್ನು ಬರ್ಡ್-ಜೋನ್ಸ್ ವಿನ್ಯಾಸ ಅನ್ನುತ್ತಾರೆ. ಅಗ್ಗದ ಮಾದರಿಗಳಲ್ಲಿ ಈ ಲೆನ್ಸ್ ಕಳಪೆಯಾಗಿರುತ್ತದೆ, ಕನ್ನಡಿ ಸರಿ ಹೊಂದಿಸೋದೂ ತುಂಬ ಕಷ್ಟ. ಹೊಸಬರು ಇದನ್ನು ಕೊಳ್ಳಲೇಬಾರದು.

ಮೂರು ಬಗೆ, ಮೂರು ಮನೆ

ಲೆನ್ಸಿನ ಟೆಲಿಸ್ಕೋಪ್, ಅಂದರೆ ರಿಫ್ರ್ಯಾಕ್ಟರ್. ಹಗುರ, ಎತ್ತಿಕೊಂಡು ಹೋಗಿ ಇಟ್ಟರೆ ಆಯ್ತು. ಮೂರನೇ ಮಹಡಿ, ಲಿಫ್ಟ್ ಇಲ್ಲ, ಟೆರೇಸಿನ ಬೀಗ ಓನರ್ ಹತ್ತಿರ ಇದೆ ಅನ್ನುವವರಿಗೆ 70ರಿಂದ 90 ಮಿ.ಮೀ. ರಿಫ್ರ್ಯಾಕ್ಟರ್ ಸರಿ. ಚಂದ್ರ, ಗುರು, ಶನಿಯ ಬಳೆ, ಜೋಡಿ ನಕ್ಷತ್ರಗಳು ಚೆನ್ನಾಗಿ ಕಾಣುತ್ತವೆ. ಕಮ್ಮಿ ಬೆಲೆಯ ಲೆನ್ಸಿನಲ್ಲಿ ಹೊಳೆಯುವ ವಸ್ತುಗಳ ಸುತ್ತ ನೇರಳೆ ಅಂಚು ಬರುತ್ತದೆ. ನೋಡೋಕೆ ಅದು ತೊಂದರೆಯಲ್ಲ, ಫೋಟೋಗೆ ತೊಂದರೆ.

ಮ್ಯಾಕ್ಸುಟೋವ್, ಶ್ಮಿಟ್-ಕ್ಯಾಸೆಗ್ರೇನ್ ಅನ್ನುವವು ಲೆನ್ಸ್ ಮತ್ತು ಕನ್ನಡಿ ಎರಡೂ ಸೇರಿದವು. ಟ್ಯೂಬ್ ಗಿಡ್ಡ, ಫೋಕಲ್ ಲೆಂತ್ ಜಾಸ್ತಿ. ಚಂದ್ರ ಮತ್ತು ಗ್ರಹಗಳೇ ಇಷ್ಟ, ಇರೋದು ಬಾಲ್ಕನಿ ಮಾತ್ರ ಅನ್ನುವವರಿಗೆ 90 ಅಥವಾ 127 ಮಿ.ಮೀ. ಮ್ಯಾಕ್ ಬಹಳ ಒಳ್ಳೆಯದು. ಮುಂದಿನ ಗಾಜಿನ ಮೇಲೆ ಇಬ್ಬನಿ ಬೇಗ ಕೂರುತ್ತದೆ ಅನ್ನೋದು ಇದರ ತೊಂದರೆ.

ಮನೆಗೆ ಸ್ವಂತ ಟೆರೇಸ್ ಅಥವಾ ಅಂಗಳ ಇದ್ದರೆ ನನ್ನ ಉತ್ತರ ಒಂದೇ: 150 ಅಥವಾ 200 ಮಿ.ಮೀ. ಡಾಬ್ಸೋನಿಯನ್. ನ್ಯೂಟನ್ ಮಾದರಿಯ ಕನ್ನಡಿ ಟ್ಯೂಬನ್ನು ನೆಲದ ಮೇಲೆ ತಿರುಗುವ ಮರದ ಪೆಟ್ಟಿಗೆಯಲ್ಲಿ ಕೂರಿಸಿರುತ್ತಾರೆ. ಮೋಟಾರಿಲ್ಲ, ಮುಕ್ಕಾಲಿ ಇಲ್ಲ, ಹಾಗಾಗಿ ಕೊಟ್ಟ ದುಡ್ಡೆಲ್ಲ ಕನ್ನಡಿಗೆ ಹೋಗುತ್ತದೆ. ಇದನ್ನು ಜನಪ್ರಿಯ ಮಾಡಿದ ಜಾನ್ ಡಾಬ್ಸನ್ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯಲ್ಲಿ 1944ರಿಂದ 1967ರವರೆಗೆ ಸನ್ಯಾಸಿಯಾಗಿದ್ದವರು. ಹಡಗಿನ ಕಿಟಕಿಯ ಗಾಜನ್ನು ತಾವೇ ತಿಕ್ಕಿ ಕನ್ನಡಿ ಮಾಡಿ, ರಸ್ತೆ ಬದಿಯಲ್ಲಿ ಟೆಲಿಸ್ಕೋಪ್ ಇಟ್ಟು ಹೋಗಿಬರುವವರಿಗೆಲ್ಲ ಶನಿ ತೋರಿಸುತ್ತಿದ್ದರು. ದೊಡ್ಡ ಟೆಲಿಸ್ಕೋಪು ಸಾಮಾನ್ಯ ಜನರ ಕೈಗೆ ಎಟುಕಿದ್ದರಲ್ಲಿ ಈ ಮನುಷ್ಯನ ಪಾಲು ದೊಡ್ಡದು. ಒಂದು ಎಚ್ಚರಿಕೆ: 200 ಮಿ.ಮೀ. ಡಾಬ್ ಒಟ್ಟು 20 ಕೆ.ಜಿ. ಆಸುಪಾಸು ತೂಗುತ್ತದೆ. ಎರಡು ಭಾಗ ಮಾಡಿ ಹೊರಬೇಕು. ಅನುಮಾನ ಇದ್ದರೆ 150ಕ್ಕೇ ನಿಲ್ಲಿಸಿ.

ಸ್ಟ್ಯಾಂಡ್ ವಿಷಯಕ್ಕೆ ಬಂದರೆ ನಾನು ಹಟಮಾರಿ. ಸಣ್ಣ ಟ್ಯೂಬ್, ಗಟ್ಟಿ ಸ್ಟ್ಯಾಂಡ್ ತಗೊಳ್ಳಿ. ದೊಡ್ಡ ಟ್ಯೂಬ್, ನಡುಗುವ ಸ್ಟ್ಯಾಂಡ್ ಬೇಡವೇ ಬೇಡ. ಟ್ಯೂಬಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿ ಐಪೀಸಿನಲ್ಲಿ ನೋಡಿ. ಎರಡು ಮೂರು ಸೆಕೆಂಡಿನಲ್ಲಿ ಅಲುಗಾಟ ನಿಂತರೆ ಸರಿ, ಐದಾರು ಸೆಕೆಂಡು ನಡುಗುತ್ತಲೇ ಇದ್ದರೆ ಪ್ರತಿ ಸಲ ಫೋಕಸ್ ಮುಟ್ಟಿದಾಗಲೂ ಅದೇ ಗೋಳು. ಅಗ್ಗದ ಟೆಲಿಸ್ಕೋಪ್ ಜೊತೆ ಬರುವ ತೆಳ್ಳನೆ ಈಕ್ವಟೋರಿಯಲ್ ಸ್ಟ್ಯಾಂಡ್ (ಆಕಾಶದ ಜೊತೆ ತಿರುಗುವ ಬಗೆಯದು) ಈ ಪರೀಕ್ಷೆಯಲ್ಲಿ ಪಾಸಾಗೋದು ಕಷ್ಟ.

ಮೊದಲ ರಾತ್ರಿ, ಹಂತ ಹಂತವಾಗಿ

ಕೆಲಸ ಶುರುವಾಗೋದು ಹಗಲಲ್ಲಿ. ಫೈಂಡರ್ ಅನ್ನುವ ಸಣ್ಣ ದುರ್ಬೀನು ಅಥವಾ ಕೆಂಪು ಚುಕ್ಕಿಯ ಗುರಿಸಾಧನ ಟ್ಯೂಬಿನ ಮೇಲಿರುತ್ತದೆ. ಅದನ್ನು ಟೆಲಿಸ್ಕೋಪಿನ ಜೊತೆ ಹೊಂದಿಸದಿದ್ದರೆ ರಾತ್ರಿ ಚಂದ್ರ ಬಿಟ್ಟು ಬೇರೇನೂ ಸಿಗೋದಿಲ್ಲ. ಸೂರ್ಯನಿಗೆ ಬೆನ್ನು ಹಾಕಿ, ಒಂದು ಕಿಲೋಮೀಟರ್ ದೂರದ ಮೊಬೈಲ್ ಟವರನ್ನೋ ಗುಡಿಯ ಕಳಶವನ್ನೋ ಆರಿಸಿ. ಅತಿ ಹೆಚ್ಚು ಫೋಕಲ್ ಲೆಂತಿನ ಐಪೀಸ್ ಹಾಕಿ, 25 ಮಿ.ಮೀ. ಇದ್ದರೆ ಅದು. ಟವರಿನ ತುದಿಯನ್ನು ಸರಿಯಾಗಿ ನಡುವಿಗೆ ತನ್ನಿ. ಕೆಲವು ಮಾದರಿಯಲ್ಲಿ ಅದು ತಲೆಕೆಳಗಾಗಿ ಕಾಣುತ್ತದೆ, ಅದು ಸಹಜ. ಈಗ ಟ್ಯೂಬ್ ಅಲುಗಾಡದಂತೆ ಫೈಂಡರಿನ ತಿರುಪು ಮಾತ್ರ ತಿರುಗಿಸಿ ಅದರ ಗುರುತನ್ನೂ ಅದೇ ತುದಿಗೆ ತನ್ನಿ. 10 ಮಿ.ಮೀ. ಐಪೀಸ್ ಹಾಕಿ ಇನ್ನೊಮ್ಮೆ ಮಾಡಿ. ಹತ್ತು ನಿಮಿಷದ ಕೆಲಸ.

ಸಂಜೆ, ನೋಡುವುದಕ್ಕೆ 45 ನಿಮಿಷ ಮೊದಲು ಟೆಲಿಸ್ಕೋಪನ್ನು ಹೊರಗಿಡಿ. ಮನೆಯೊಳಗಿನ ಬಿಸಿ ಕನ್ನಡಿಯಲ್ಲಿ ಉಳಿದಿದ್ದರೆ ಟ್ಯೂಬಿನೊಳಗೆ ಗಾಳಿ ಕಲಕುತ್ತಿರುತ್ತದೆ, ಗುರು ನೀರಿನಡಿ ಇದ್ದ ಹಾಗೆ ಅಲುಗುತ್ತಾನೆ. ಹಗಲೆಲ್ಲ ಕಾದ ಕಾಂಕ್ರೀಟ್ ಟೆರೇಸು ಕೂಡ ರಾತ್ರಿ 9, 10ರವರೆಗೆ ಬಿಸಿ ಬಿಡುತ್ತಲೇ ಇರುತ್ತದೆ. ಮಣ್ಣಿನ ಅಂಗಳ, ಹುಲ್ಲು ಇದ್ದರೆ ಅಲ್ಲಿಡಿ. ಇಲ್ಲವಾದರೆ ಗ್ರಹಗಳನ್ನು ತಡವಾಗಿ ನೋಡಿ, ಅವು ಪಕ್ಕದ ಮನೆಯ ಮಾಡಿನ ಮೇಲಲ್ಲದೆ ಚೆನ್ನಾಗಿ ಮೇಲೇರಿದ ಮೇಲೆ.

ಕಣ್ಣು ಕತ್ತಲಿಗೆ ಹೊಂದೋಕೆ 20ರಿಂದ 30 ನಿಮಿಷ ಬೇಕು. ಒಂದು ಸಲ ವಾಟ್ಸಾಪ್ ತೆಗೆದರೆ ಅಷ್ಟೂ ಹೋಯ್ತು. ಕೆಂಪು ಕಾಗದ ಸುತ್ತಿದ ಟಾರ್ಚ್ ಇಟ್ಟುಕೊಳ್ಳಿ.

ಯಾವಾಗಲೂ ಕಮ್ಮಿ ವರ್ಧನೆಯಿಂದ ಶುರು ಮಾಡಿ. ವಸ್ತು ಸಿಕ್ಕಿ ನಡುವಿಗೆ ಬಂದ ಮೇಲೆ ಐಪೀಸ್ ಬದಲಿಸಿ. ಭೂಮಿ ತಿರುಗುವುದರಿಂದ ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯಲ್ಲಿ ಇಂಥ 3600) ಸರಿಯುತ್ತದೆ. 150 ಪಟ್ಟಿನಲ್ಲಿ ಮಾಮೂಲಿ ಪ್ಲೋಸಲ್ ಐಪೀಸಿನಲ್ಲಿ ಶನಿ ಈ ಅಂಚಿನಿಂದ ಆ ಅಂಚಿಗೆ ಸುಮಾರು 80 ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಡಾಬ್ಸೋನಿಯನ್‌ನಲ್ಲಿ ಪ್ರತಿ ಸಲ ಕೈಯಿಂದ ಸ್ವಲ್ಪ ತಳ್ಳಬೇಕು. ಅಂಚಿನಲ್ಲಿಟ್ಟು ಬಿಟ್ಟುಬಿಡಿ, ಅದು ಪೂರ್ತಿ ದಾಟುವವರೆಗೆ ಮುಟ್ಟದೆ ನೋಡಿ, ಆಮೇಲೆ ಮತ್ತೆ ತಳ್ಳಿ. ಕೈ ಎರಡೇ ದಿನದಲ್ಲಿ ಕಲಿಯುತ್ತದೆ.

ಮಹಾವ್ಯಾಧನ ಕತ್ತಿಯಲ್ಲಿರುವ ಎಂ42 ನೆಬ್ಯುಲಾವನ್ನು ಡಿಸೆಂಬರಿನಿಂದ ಮಾರ್ಚ್‌ವರೆಗೆ ಯಾವ ರಾತ್ರಿಯಾದರೂ ನೋಡಬಹುದು, ಬೆಂಗಳೂರಿನ ಒಳಗಿನಿಂದಲೂ. ನಡುವೆ ನಾಲ್ಕು ಪುಟ್ಟ ನಕ್ಷತ್ರಗಳು ಒತ್ತಿಕೊಂಡು ಕೂತಿವೆ, ಅದರ ಹೆಸರು ಟ್ರಪೀಜಿಯಂ. ಈಗ ಅವನ್ನು ನೇರ ನೋಡಬೇಡಿ. ಸ್ವಲ್ಪ ಪಕ್ಕಕ್ಕೆ ದೃಷ್ಟಿ ಇಟ್ಟು ಗಮನ ಮಾತ್ರ ಅಲ್ಲಿಡಿ. ಸುತ್ತಲಿನ ಬೂದು ಮಂಜು ಹಿಗ್ಗುತ್ತದೆ, ಎರಡು ಕಡೆ ರೆಕ್ಕೆ ಚಾಚುತ್ತದೆ, ಒಂದು ಕಡೆ ಕಪ್ಪು ಕೊಲ್ಲಿಯೊಂದು ಒಳನುಗ್ಗಿರೋದು ಕಾಣುತ್ತದೆ. ಕಣ್ಣಿನ ನಡುಭಾಗಕ್ಕಿಂತ ಪಕ್ಕದ ಭಾಗ ಮಂದ ಬೆಳಕಿಗೆ ಚುರುಕು, ಅದಕ್ಕೇ ಹೀಗೆ. ಫೋಟೋದಲ್ಲಿರುವ ಕೆಂಪು ಬಣ್ಣ ಕಣ್ಣಿಗೆ ಕಾಣುವುದಿಲ್ಲ, ಮಕ್ಕಳಿಗೆ ತೋರಿಸುವ ಮೊದಲೇ ಇದನ್ನು ಹೇಳಿಬಿಡಿ. ಆದರೆ 1300 ವರ್ಷಗಳಿಗೂ ಹಿಂದೆ ಹೊರಟ ಬೆಳಕು ನೇರವಾಗಿ ಅವರ ಕಣ್ಣಿಗೆ ಬೀಳುತ್ತಿದೆ ಅಂತಲೂ ಹೇಳಿ.

ನಮ್ಮ ದಕ್ಷಿಣ

ಏಪ್ರಿಲ್ ಕೊನೆ, ಮೇ ಮೊದಲ ವಾರಗಳ ರಾತ್ರಿ 10ರ ಸುಮಾರಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ದಿಗಂತದ ಹತ್ತಿರ ತ್ರಿಶಂಕು ಅಂತ ನಾವು ಕರೆಯುವ ದಕ್ಷಿಣ ಶಿಲುಬೆ, ಅದರ ಎಡಕ್ಕೆ ಆಲ್ಫಾ ಸೆಂಟಾರಿ. ಇದು ಬರಿಗಣ್ಣಿಗೆ ಒಂದೇ ನಕ್ಷತ್ರ, ಸಣ್ಣ ಟೆಲಿಸ್ಕೋಪಿನಲ್ಲಿ ಎರಡು. ಇನ್ನೂ ಮೇಲೆ, ಬೆಂಗಳೂರಿನಿಂದ ಸುಮಾರು 30 ಡಿಗ್ರಿ ಎತ್ತರದವರೆಗೆ ಏರುವುದು ಒಮೆಗಾ ಸೆಂಟಾರಿ. ಬೈನಾಕ್ಯುಲರ್‌ನಲ್ಲಿ ಮಂಜಿನ ಉಂಡೆ, 200 ಮಿ.ಮೀ. ಡಾಬ್‌ನಲ್ಲಿ ಕಣ್ಣು ತುಂಬ ನಕ್ಷತ್ರಗಳ ಪುಡಿ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ ನಡೆಸುವ, ತಮಿಳುನಾಡಿನ ಕಾವಲೂರು ವೀಕ್ಷಣಾಲಯ ಇರುವುದೂ ಹೆಚ್ಚುಕಮ್ಮಿ ನಮ್ಮದೇ ಅಕ್ಷಾಂಶದಲ್ಲಿ, 12.6 ಡಿಗ್ರಿ. ಅಲ್ಲಿನ 2.34 ಮೀಟರ್ ವೈನು ಬಪ್ಪು ಟೆಲಿಸ್ಕೋಪಿಗೂ ಇದೇ ದಕ್ಷಿಣ ಸಿಗುತ್ತದೆ.

ಈ ಕಾರಣಕ್ಕೇ ಕತ್ತಲು ಹುಡುಕಿ ಊರು ಬಿಟ್ಟು ಹೋಗುವ ಬೆಂಗಳೂರಿನವರು ದಿಕ್ಕು ನೋಡಿ ಹೋಗಬೇಕು. ನಗರದ ಬೆಳಕು ದಿಗಂತವನ್ನು ಬಹಳ ದೂರದವರೆಗೆ ಬೆಳ್ಳಗೆ ಮಾಡುತ್ತದೆ. ಉತ್ತರಕ್ಕೆ ಹೋದರೆ ದಕ್ಷಿಣದ ಆಕಾಶ ನಗರದ ಮೇಲೇ ಬೀಳುತ್ತದೆ. ಕನಕಪುರ, ಕೊಳ್ಳೇಗಾಲದ ಕಡೆ ಇಳಿದರೆ ಬೆಳಕು ಬೆನ್ನ ಹಿಂದೆ ಉಳಿಯುತ್ತದೆ. ಕಾಡಿನ ರಸ್ತೆಗಳಲ್ಲಿ ರಾತ್ರಿ ನಿಲ್ಲುವ ಹಾಗಿಲ್ಲ, ಪರಿಚಯದವರ ತೋಟ ಅಥವಾ ಹೋಂಸ್ಟೇ ಅಂಗಳ ಸಿಕ್ಕರೆ ಅದೇ ಒಳ್ಳೆಯದು.

ಫೋಟೋ: ಕಮ್ಮಿ ಸಾಮಾನಿನಿಂದ ಶುರು

ಮೊದಲ ಫೋಟೋ ಚಂದ್ರನದ್ದಾಗಿರಲಿ, ಫೋನಿನಲ್ಲೇ. ಫೋನನ್ನು ಐಪೀಸಿಗೆ ಬಿಗಿಯುವ ಅಡಾಪ್ಟರ್ ತಗೊಳ್ಳಿ, ಕೈಯಲ್ಲಿ ಹಿಡಿದರೆ ಅಲುಗುತ್ತದೆ. ಪರದೆಯ ಮೇಲೆ ಚಂದ್ರನನ್ನು ಒತ್ತಿ ಫೋಕಸ್ ಲಾಕ್ ಮಾಡಿ, ಕುಳಿಗಳ ಅಂಚು ಸ್ಪಷ್ಟವಾಗುವವರೆಗೆ ಬೆಳಕು ಇಳಿಸಿ, 3 ಸೆಕೆಂಡ್ ಟೈಮರ್ ಹಾಕಿ. ಹುಣ್ಣಿಮೆ ದಿನ ಬೇಡ, ಅವತ್ತು ನೆರಳೇ ಇರೋದಿಲ್ಲ. ಅಷ್ಟಮಿಯ ಆಸುಪಾಸು ಬೆಳಕು-ಕತ್ತಲಿನ ಗೆರೆಯ ಉದ್ದಕ್ಕೂ ಬೆಟ್ಟಗಳು ಎದ್ದು ಕಾಣುತ್ತವೆ.

ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್ ಕ್ಯಾಮೆರಾ ಇದ್ದರೆ ಟೆಲಿಸ್ಕೋಪ್ ಇಲ್ಲದೆಯೇ ಕ್ಷೀರಪಥ ಸಿಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಅಮಾವಾಸ್ಯೆಯ ಹತ್ತಿರ, ಬೆಳಗಿನ ಜಾವ 3ರ ಮೇಲೆ ಅದರ ನಡುಭಾಗ ವೃಶ್ಚಿಕ, ಧನುಸ್ಸಿನ ಜೊತೆ ಚೆನ್ನಾಗಿ ಮೇಲೆ ಬಂದಿರುತ್ತದೆ. 500ನ್ನು ಲೆನ್ಸಿನ ಫೋಕಲ್ ಲೆಂತಿನಿಂದ ಭಾಗಿಸಿದರೆ ನಕ್ಷತ್ರ ಗೆರೆಯಾಗದಂತೆ ಎಷ್ಟು ಸೆಕೆಂಡ್ ತೆರೆದಿಡಬಹುದು ಅಂತ ಗೊತ್ತಾಗುತ್ತದೆ. ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ ಆ ಫೋಕಲ್ ಲೆಂತನ್ನು ಮೊದಲು 1.5ರಿಂದ ಗುಣಿಸಬೇಕು. 18 ಮಿ.ಮೀ. ಲೆನ್ಸಿಗೆ ಹೀಗೆ 18 ಸೆಕೆಂಡ್ ಬರುತ್ತದೆ, ನಾನು 15 ಇಡಿ ಅನ್ನುತ್ತೇನೆ. ಲೆನ್ಸ್ ಪೂರ್ತಿ ತೆರೆದಿರಲಿ, ಐಎಸ್‌ಒ 3200, ಫೈಲ್ ರಾ (RAW). ಆಟೋಫೋಕಸ್ ಆಫ್ ಮಾಡಿ, ಲೈವ್ ವ್ಯೂನಲ್ಲಿ ಹೊಳೆಯುವ ನಕ್ಷತ್ರವನ್ನು ದೊಡ್ಡದು ಮಾಡಿ, ಅದು ಅತಿ ಚಿಕ್ಕ ಚುಕ್ಕಿ ಆಗುವವರೆಗೆ ಕೈಯಿಂದ ತಿರುಗಿಸಿ.

ಗ್ರಹಗಳಿಗೆ ಒಂದೇ ಫೋಟೋ ತೆಗೆಯುವುದಿಲ್ಲ, ವಿಡಿಯೋ ತೆಗೆಯುತ್ತಾರೆ. ಗಾಳಿ ಒಂದು ಕ್ಷಣ ಶಾಂತವಾಗುತ್ತದೆ, ಮರುಕ್ಷಣ ಕಲಕುತ್ತದೆ. ಸಾವಿರಾರು ಫ್ರೇಮಿನಲ್ಲಿ ಚೆನ್ನಾಗಿರುವ ಕಾಲು ಭಾಗ ಮಾತ್ರ ಆರಿಸಿ ಒಂದರ ಮೇಲೊಂದು ಪೇರಿಸಿದರೆ ಗುರುವಿನ ಪಟ್ಟೆಗಳು ಎದ್ದುಬರುತ್ತವೆ. ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುವುದರಿಂದ ವಿಡಿಯೋ ಎರಡು ನಿಮಿಷದ ಆಸುಪಾಸಿನಲ್ಲಿ ಮುಗಿಸಿ, ಜಾಸ್ತಿಯಾದರೆ ಅಂಚುಗಳು ಮಸುಕಾಗುತ್ತವೆ. ಇದಕ್ಕೆ ಕಂಪ್ಯೂಟರ್ ತಂತ್ರಾಂಶಗಳಿವೆ: ತೆಗೆಯೋಕೆ ಶಾರ್ಪ್‌ಕ್ಯಾಪ್, ಪೇರಿಸೋಕೆ ಆಟೋಸ್ಟ್ಯಾಕರ್ಟ್, ಚೂಪು ಮಾಡೋಕೆ ರೆಜಿಸ್ಟ್ಯಾಕ್ಸ್. ಡಾಬ್‌ನಲ್ಲೂ ಆಗುತ್ತದೆ, ಗುರು ಪರದೆ ದಾಟುವಷ್ಟು ಹೊತ್ತು ರೆಕಾರ್ಡ್ ಮಾಡಿ ಮತ್ತೆ ತಳ್ಳುತ್ತಾ ಹೋಗಿ.

ಇಲ್ಲೊಂದು ತಿಳಿದಿರಬೇಕಾದ ವಿಷಯ. ನೋಡುವುದಕ್ಕೆ ಮಾಡಿದ ಎಷ್ಟೋ ನ್ಯೂಟನ್ ಟೆಲಿಸ್ಕೋಪುಗಳಿಗೆ ಡಿಎಸ್‌ಎಲ್‌ಆರ್ ಸಿಕ್ಕಿಸಿದರೆ ಫೋಕಸೇ ಆಗುವುದಿಲ್ಲ. ಫೋಕಸರ್ ಇನ್ನೂ ಒಳಗೆ ಹೋಗಬೇಕು, ಜಾಗ ಇರುವುದಿಲ್ಲ. ನಡುವೆ ಬಾರ್ಲೋ ಲೆನ್ಸ್ (ವರ್ಧನೆ ಹೆಚ್ಚಿಸುವ ಲೆನ್ಸ್) ಹಾಕಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ. ಕ್ಯಾಮೆರಾ ಹಾಕುವ ಉದ್ದೇಶ ಮೊದಲೇ ಇದ್ದರೆ ಅಂಗಡಿಯವರ ಹತ್ತಿರ ಇದನ್ನು ಕೇಳಿಯೇ ತಗೊಳ್ಳಿ.

ನೆಬ್ಯುಲಾ, ಗ್ಯಾಲಕ್ಸಿಗಳ ಫೋಟೋಗೆ ಆಕಾಶದ ಜೊತೆ ತಿರುಗುವ ಈಕ್ವಟೋರಿಯಲ್ ಮೌಂಟ್, ಅಂದರೆ ಸ್ಟ್ಯಾಂಡ್, ಬೇಕು. ಇಲ್ಲಿ ಬಜೆಟ್ಟಿನ ಅರ್ಧಕ್ಕಿಂತ ಜಾಸ್ತಿ ಮೌಂಟಿಗೇ ಹೋಗಲಿ. ಶುರುವಿಗೆ ಕ್ಯಾಮೆರಾ ಹೊರುವ ಸಣ್ಣ ಸ್ಟಾರ್ ಟ್ರ್ಯಾಕರ್ ಮತ್ತು 135 ಅಥವಾ 200 ಮಿ.ಮೀ. ಲೆನ್ಸ್ ಸಾಕು. ಕೊಳ್ಳುವ ಮೊದಲು ಮೌಂಟಿನ ಅಕ್ಷಾಂಶದ ಸ್ಕೇಲ್ ಎಷ್ಟು ಕೆಳಗಿಳಿಯುತ್ತದೆ ಅಂತ ನೋಡಿ. ಮೈಸೂರು 12 ಡಿಗ್ರಿ, ಧಾರವಾಡ 15, ಕಲಬುರಗಿ 17. ಕೆಲವು ಮೌಂಟುಗಳು 15ರ ಕೆಳಗೆ ಇಳಿಯುವುದೇ ಇಲ್ಲ. ಇಳಿದರೂ ಸಮತೋಲನದ ಭಾರ ಹೊತ್ತ ಕಡ್ಡಿ ಮುಕ್ಕಾಲಿಯ ಕಾಲಿಗೆ ತಾಗಬಹುದು, ಮಧ್ಯೆ ಒಂದು ಎತ್ತರದ ಕೊಳವೆ ಹಾಕಬೇಕಾಗುತ್ತದೆ. ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ಗುರಿ ಇಡಬೇಕು ಅಲ್ವಾ, ಧ್ರುವ ನಕ್ಷತ್ರ ಕಟ್ಟಡದ ಹಿಂದೆ ಮರೆಯಾಗಿದ್ದರೆ ನೀನಾ ಎಂಬ ಉಚಿತ ತಂತ್ರಾಂಶದ ಮೂರು ಬಿಂದುಗಳ ವಿಧಾನ ಬಳಸಿ. ಅದು ಆಕಾಶದ ಬೇರೆ ಭಾಗದ ಮೂರು ಫೋಟೋ ತೆಗೆದು, ನಕ್ಷತ್ರ ಗುರುತಿಸಿ, ಎಷ್ಟು ತಪ್ಪಿದೆ ಅಂತ ಹೇಳುತ್ತದೆ. ಟೆರೇಸಿನವರಿಗೆ ಇದು ದೊಡ್ಡ ಉಪಕಾರ.

ಆಮೇಲೆ 60 ಸೆಕೆಂಡಿನ 60 ಫೋಟೋ, ಅಂದರೆ ಒಂದು ಗಂಟೆಯ ಬೆಳಕು. ಫೋಟೋಗಳ ಸಂಖ್ಯೆ ನಾಲ್ಕು ಪಟ್ಟಾದರೆ ಚಿತ್ರದಲ್ಲಿ ಕಾಳು ಕಾಳಾಗಿ ಕಾಣುವ ಗದ್ದಲ (ನಾಯ್ಸ್) ಅರ್ಧಕ್ಕಿಳಿಯುತ್ತದೆ. ಕ್ಯಾಮೆರಾದ್ದೇ ಗದ್ದಲ ಕಳೆಯೋಕೆ ಮುಚ್ಚಳ ಹಾಕಿ ಅಷ್ಟೇ ಸೆಕೆಂಡಿನ ಇಪ್ಪತ್ತು ಡಾರ್ಕ್ ಫ್ರೇಮ್ ತೆಗೆಯಿರಿ. ಬೆಳಗಾಗುವಾಗ ಲೆನ್ಸಿನ ಮೇಲೆ ಬಿಳಿ ಬನಿಯನ್ ಎಳೆದು ಕಟ್ಟಿ ಇಪ್ಪತ್ತು ಫ್ಲ್ಯಾಟ್ ಫ್ರೇಮ್ ತೆಗೆಯಿರಿ, ಫೋಕಸ್ ಮುಟ್ಟದೆ. ಧೂಳಿನ ಗುರುತು, ಕಪ್ಪಾದ ಮೂಲೆ ಹೋಗೋದು ಇದರಿಂದ. ಸಿರಿಲ್, ಡೀಪ್‌ಸ್ಕೈಸ್ಟ್ಯಾಕರ್ ಎರಡೂ ಉಚಿತ ತಂತ್ರಾಂಶಗಳು, ಎಲ್ಲವನ್ನೂ ಸೇರಿಸಿ ಕೊಡುತ್ತವೆ.

ಇಷ್ಟೆಲ್ಲ ಬೇಡ, ಫೋಟೋ ಮಾತ್ರ ಬೇಕು ಅನ್ನುವವರಿಗೆ ಈಗ ಸೀಸ್ಟಾರ್ ಎಸ್50 ತರಹದ ಸ್ಮಾರ್ಟ್ ಟೆಲಿಸ್ಕೋಪ್ ಇವೆ. 50 ಮಿ.ಮೀ. ಲೆನ್ಸ್, ತಾನೇ ಹುಡುಕಿ ತಾನೇ ಪೇರಿಸುತ್ತದೆ. ಊರೊಳಗಿನಿಂದಲೂ ನೆಬ್ಯುಲಾ ಬರುತ್ತದೆ. ಐಪೀಸ್ ಇಲ್ಲ, ಕಣ್ಣಿಟ್ಟು ನೋಡುವ ಹಾಗಿಲ್ಲ. ಗ್ರಹಗಳು ಪುಟಾಣಿ.

ಸೂರ್ಯ

ಇದೊಂದು ವಿಷಯದಲ್ಲಿ ರಾಜಿ ಇಲ್ಲ. ಫಿಲ್ಟರ್ ಟ್ಯೂಬಿನ ಮುಂದೆ, ಇಡೀ ಬಾಯಿ ಮುಚ್ಚುವಂತೆ, ಗಾಳಿಗೆ ಹಾರದಂತೆ ಕಟ್ಟಿರಬೇಕು. ಬಾಡರ್ ಆಸ್ಟ್ರೋಸೋಲಾರ್ ತರಹದ ಹಾಳೆ ಬಳಸಿ. ಐಪೀಸಿಗೆ ತಿರುಗಿಸುವ ಸಣ್ಣ ಸೋಲಾರ್ ಫಿಲ್ಟರ್ ಬಂದಿದ್ದರೆ ಇವತ್ತೇ ಎಸೆಯಿರಿ. ಕೂಡಿಬಿದ್ದ ಬಿಸಿಲಿಗೆ ಅದು ಒಡೆದರೆ ಕಣ್ಣು ಹೋಗುತ್ತದೆ. ಫೈಂಡರನ್ನು ಬಿಚ್ಚಿಡಿ ಅಥವಾ ಮುಚ್ಚಿಡಿ. ಪ್ರತಿ ಸಲ ಹಾಳೆಯನ್ನು ಬೆಳಕಿಗೆ ಹಿಡಿದು ತೂತು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. 2031ರ ಮೇ 21ರಂದು ಕೇರಳ, ತಮಿಳುನಾಡಿನ ಮೇಲೆ ಕಂಕಣ ಗ್ರಹಣ ಹಾದುಹೋಗುತ್ತದೆ. ಅಷ್ಟರಲ್ಲಿ ಇದೆಲ್ಲ ಕೈಗೆ ಅಭ್ಯಾಸವಾಗಿರಲಿ.

ಜೋಪಾನ

ಕನ್ನಡಿಗಳು ಸರಿಯಾಗಿ ಎದುರುಬದುರಾಗಿವೆಯೇ ಅಂತ ನೋಡುವ ಕೆಲಸಕ್ಕೆ ಕಾಲಿಮೇಷನ್ ಅನ್ನುತ್ತಾರೆ. ಒಂದು ಹೊಳೆಯುವ ನಕ್ಷತ್ರವನ್ನು ನಡುವಿಗೆ ತಂದು ಸ್ವಲ್ಪ ಫೋಕಸ್ ತಪ್ಪಿಸಿ. ಉಂಗುರಗಳು ಒಂದರೊಳಗೊಂದು ಸಮವಾಗಿ ಕಂಡರೆ ಸರಿ. ನಡುವಿನ ಕಪ್ಪು ಚುಕ್ಕಿ ಒಂದು ಕಡೆಗೆ ವಾಲಿದ್ದರೆ ಹಿಂದಿನ ತಿರುಪುಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರತಿ ಸಲ ನಕ್ಷತ್ರವನ್ನು ಮತ್ತೆ ನಡುವಿಗೆ ತಂದು ನೋಡಿ. ಕಾರಿನಲ್ಲಿ ಒಯ್ದಾಗಲೆಲ್ಲ ಇದು ಬೇಕು.

ಧೂಳು ಕೂತರೆ ಬಿಡಿ, ಸ್ವಲ್ಪ ಧೂಳಿನಿಂದ ಏನೂ ಆಗುವುದಿಲ್ಲ. ಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ. ಇಬ್ಬನಿ ಕೂತಿದ್ದರೆ ಒರೆಸದೆ ಒಳಗೆ ತಂದು, ಮುಚ್ಚಳ ಹಾಕದೆ ಒಣಗಲು ಬಿಟ್ಟು, ಆಮೇಲೆ ಮುಚ್ಚಿ.

ನಮ್ಮಲ್ಲಿ ಲೆನ್ಸ್ ಹಾಳಾಗೋದು ಬಳಸಿದ್ದರಿಂದಲ್ಲ, ಮಳೆಗಾಲದಲ್ಲಿ ಇಟ್ಟದ್ದರಿಂದ. ಕರಾವಳಿ, ಮಲೆನಾಡಿನವರಿಗಂತೂ ಇದು ಗೊತ್ತೇ ಇದೆ. ಐಪೀಸ್, ಬಾರ್ಲೋ, ಸಣ್ಣ ಲೆನ್ಸುಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಟ್ಟೆಯ, ಚರ್ಮದ ಚೀಲ ತೇವ ಹಿಡಿಯುತ್ತದೆ, ಅದರಲ್ಲಿ ಬೇಡ. ಸಿಲಿಕಾ ಬಣ್ಣ ಬದಲಿಸಿದಾಗ ಒಣಗಿಸಿ ಮತ್ತೆ ಹಾಕಿ. ತಿಂಗಳಿಗೊಮ್ಮೆ ಪ್ರತಿ ಗಾಜನ್ನೂ ಟಾರ್ಚ್ ಬೆಳಕಿನಲ್ಲಿ ಓರೆಯಾಗಿ ಹಿಡಿದು ನೋಡಿ. ಜೇಡರ ಬಲೆಯಂಥ ಸಣ್ಣ ಎಳೆಗಳು ಕಂಡರೆ ಅದು ಫಂಗಸ್. ಆ ಒಂದನ್ನು ಕೂಡಲೇ ಬೇರೆ ಡಬ್ಬಿಗೆ ಹಾಕಿ, ಲೆನ್ಸ್ ಸ್ವಚ್ಛ ಮಾಡುವವರ ಹತ್ತಿರ ಒಯ್ಯಿರಿ. ತಡ ಮಾಡಿದರೆ ಅದು ಗಾಜಿನ ಲೇಪನವನ್ನೇ ತಿನ್ನುತ್ತದೆ, ಆಮೇಲೆ ಒರೆಸಿದರೂ ಗುರುತು ಹೋಗುವುದಿಲ್ಲ.